ಸಹಾಯ ಬೇಕು: ಕಾಗದದ ಪೊಟ್ಟಣದಲ್ಲಿ ಮೀನು ಬೆಂದರೂ ತರಕಾರಿ ಬೇಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ವೈದ್ಯರು ಎಣ್ಣೆ ಕಡಿಮೆ ಮಾಡಲು ಹೇಳಿದ್ದಾರೆ. ಉಡುಪಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ಹಾಗಾಗಿ ಫ್ರೆಂಚರ ಪಾಪಿಯೋತ್ ವಿಧಾನದಂತೆ ಮೀನು, ತರಕಾರಿಗಳನ್ನು ಪಾರ್ಚ್‌ಮೆಂಟ್ ಕಾಗದದಲ್ಲಿ ಮಡಚಿ ಓವನ್‌ನಲ್ಲಿ ಬೇಯಿಸುತ್ತಿದ್ದೇನೆ. ಒಂದು ಚಮಚ ಎಣ್ಣೆ ಸಾಕು, ಮೀನು ತನ್ನದೇ ಹಬೆಯಲ್ಲಿ ಬೇಯುತ್ತದೆ. ಪೊಟ್ಟಣ ಬಿಡಿಸಿದೊಡನೆ ಶುಂಠಿ, ಕಾಳುಮೆಣಸು, ನಿಂಬೆಯ ಪರಿಮಳ ಮೂಗಿಗೆ ಬಡಿಯುತ್ತದೆ. ಅಪ್ಪನಿಗೂ ಹಿಡಿಸಿದೆ.

ತೊಡಕಿರುವುದು ತರಕಾರಿಯಲ್ಲಿ. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷಕ್ಕೆ ಅಂಜಲ್ ತುಂಡು ಹದವಾಗಿ ಬೆಂದಿರುತ್ತದೆ. ಅಡಿಯಲ್ಲಿ ಹಾಸಿದ ಆಲೂಗಡ್ಡೆ, ಕ್ಯಾರೆಟ್ ಬಿಲ್ಲೆಗಳು ಮಾತ್ರ ಗಟ್ಟಿಯಾಗಿಯೇ ಉಳಿಯುತ್ತವೆ. ಇನ್ನೂ 10 ನಿಮಿಷ ಬಿಟ್ಟರೆ ಅವು ಮೆತ್ತಗಾಗುತ್ತವೆ, ಆದರೆ ಮೀನು ಒಣಗಿ ನಾರಾಗುತ್ತದೆ. ಗಟ್ಟಿ ತರಕಾರಿಯನ್ನು ಮೊದಲೇ ಅರೆಬೇಯಿಸಿಕೊಳ್ಳಬೇಕೇ, ಇಲ್ಲವೇ ಕಾಗದದಷ್ಟು ತೆಳುವಾಗಿ ಹೆಚ್ಚಿದರೆ ಸಾಕೇ? ಟೊಮೆಟೊ ಹಾಕಿದರೆ ನೀರು ಬಿಟ್ಟು ಪೊಟ್ಟಣದ ತಳ ನೆನೆಯುತ್ತದೆ. ಅದಕ್ಕೇನು ಮಾಡುತ್ತೀರಿ?

ಕಾಗದದ ಬಗ್ಗೆಯೂ ಒಂದು ಮಾತು. ಅಂಗಡಿಗಳಲ್ಲಿ ಬಟರ್ ಪೇಪರ್ ಎಂದು ಕೊಡುವುದೆಲ್ಲ ಓವನ್‌ಗೆ ಆಗುವುದಿಲ್ಲ. ಮೇಣ ಸವರಿದ್ದಾದರೆ ಶಾಖಕ್ಕೆ ಮೇಣ ಕರಗಿ ಮೀನಿಗೆ ಹತ್ತುತ್ತದೆ. ಸಿಲಿಕೋನ್ ಲೇಪನವಿರುವ, ಶಾಖದ ಮಿತಿಯನ್ನು ಮುದ್ರಿಸಿದ ಕಾಗದ ಉಡುಪಿ, ಮಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಬಲ್ಲವರು ದಯವಿಟ್ಟು ತಿಳಿಸಿ. ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ ಓವನ್‌ನಲ್ಲಿಟ್ಟವರಿದ್ದರೆ ಅವರ ಅನುಭವವೂ ಬೇಕು. ಕಾಣೆ, ಮಾಂಜಿ ಮೀನುಗಳಿಗೆ ಎಷ್ಟು ನಿಮಿಷ ಇಡುತ್ತೀರಿ ಎಂಬುದನ್ನೂ ಬರೆಯಿರಿ.