‘ಬ್ಯಾಲೆನ್ಸ್’ ಗುಂಡಿಗೆ ‘ಸಮತೋಲನ’ ಸರಿಹೋಗುತ್ತದೆಯೇ? ಒಂದು ಕಿವಿ ಮಂದ ಇರುವವರ ಸ್ಟೀರಿಯೊ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಸ್ಟೀರಿಯೊದಲ್ಲಿ ಎಡ–ಬಲ ಸ್ಪೀಕರ್‌ಗಳ ಸದ್ದನ್ನು ಹೆಚ್ಚುಕಡಿಮೆ ಮಾಡುವ ‘ಬ್ಯಾಲೆನ್ಸ್’ ಗುಂಡಿಗೆ ಕನ್ನಡದಲ್ಲಿ ಏನೆಂದು ಬರೆಯಬೇಕು? ಬಂಗಾರಪೇಟೆಯಲ್ಲಿರುವ ನಮ್ಮ ದೊಡ್ಡಪ್ಪನಿಗೆ ಒಂದು ಹಾಳೆ ಬರೆದುಕೊಡುತ್ತಿದ್ದೇನೆ. ಯಾವ ಗುಂಡಿ ಯಾತಕ್ಕೆ, ಎಷ್ಟು ತಿರುಗಿಸಬೇಕು ಅಂತ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆಂಪ್ಲಿಫೈಯರ್ ಪಕ್ಕದ ಗೋಡೆಗೆ ಅಂಟಿಸುವ ಹಾಳೆ ಅದು. ನೋಡಿದ ಕೂಡಲೇ ಅರ್ಥ ಆಗಬೇಕು.

ಅವರ ಮಗ ಆ ಗುಂಡಿಯ ಮೇಲೆ ‘ಸಮತೋಲನ’ ಅಂತ ಚೀಟಿ ಅಂಟಿಸಿದ್ದಾನೆ. ನಿಘಂಟಿನಲ್ಲೂ ಅದೇ ಪದ ಸಿಗುತ್ತದೆ. ಆದರೆ ದೊಡ್ಡಪ್ಪ ಅದನ್ನು ಓದಿ ಗುಂಡಿಯನ್ನು ಸರಿಯಾಗಿ ನಡುವಿಗೆ ತಂದು ಬಿಟ್ಟುಬಿಡುತ್ತಾರೆ. ನಡುವಿಗೆ ಬಂದಾಗ ಬೆರಳಿಗೆ ಟಕ್ ಅಂತ ಸಣ್ಣ ತಡೆ ಸಿಗುತ್ತದಲ್ಲ, ಅಲ್ಲಿಗೆ ನಿಲ್ಲಿಸಿ ‘ಸಮ ಆಯ್ತು ನೋಡು’ ಅಂತಾರೆ. ಯಂತ್ರದ ಲೆಕ್ಕಕ್ಕೆ ಸಮವೇ. ಅವರ ಕಿವಿಗಳ ಲೆಕ್ಕಕ್ಕೆ ಅಲ್ಲ. ಚಿಕ್ಕಂದಿನಲ್ಲಿ ಅವರ ಎಡಗಿವಿ ಸೋರುತ್ತಿತ್ತು. ತಮಟೆಯಲ್ಲಿ ತೂತು ಹಾಗೇ ಉಳಿದಿದೆ. ಬಲಗಿವಿ ಚೆನ್ನಾಗಿದೆ.

ಇದರ ತೊಂದರೆ ಹೆಚ್ಚು ಗೊತ್ತಾಗುವುದು ಸಂಗೀತ ಕಚೇರಿ ಕೇಳುವಾಗ. ವೇದಿಕೆಯಲ್ಲಿ ಹಾಡುವವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಎದುರು ಕೂತವರಿಗೆ ಮೃದಂಗ ಎಡಗಡೆ, ಪಿಟೀಲು ಬಲಗಡೆ. ಎಷ್ಟೋ ಧ್ವನಿಮುದ್ರಣಗಳಲ್ಲೂ ಇದೇ ಜಾಗ ಉಳಿಸಿಕೊಂಡಿರುತ್ತಾರೆ. ಹೆಡ್‌ಫೋನ್ ಹಾಕಿಕೊಂಡರೆ ದೊಡ್ಡಪ್ಪನಿಗೆ ಪಿಟೀಲು ಕಿವಿಯ ಪಕ್ಕದಲ್ಲೇ, ಮೃದಂಗ ಪಕ್ಕದ ಬೀದಿಯಲ್ಲಿ. ತನಿ ಆವರ್ತನ (ಮೃದಂಗದಂಥ ತಾಳವಾದ್ಯ ಮಾತ್ರ ನುಡಿಯುವ ಭಾಗ) ಬಂದಾಗ ಬಲಗಡೆ ಹೆಚ್ಚುಕಡಿಮೆ ಖಾಲಿ. ತಾಳ ಹಾಕಿಕೊಂಡು ಕೇಳುವವರಿಗೆ ಇದು ಸಣ್ಣ ನಷ್ಟ ಅಲ್ಲ.

ಅದಕ್ಕೇ ನನಗೆ ‘ಸಮತೋಲನ’ಕ್ಕಿಂತ ‘ಸರಿದೂಗಿಸು’ ಅನ್ನುವ ಮಾತು ಒಪ್ಪುತ್ತದೆ. ಸರಿ, ತೂಗು ಎರಡೂ ಸೇರಿದ ಮಾತು. ತಕ್ಕಡಿಯ ಒಂದು ತಟ್ಟೆ ಹಗುರ ಇದ್ದರೆ ಆ ಕಡೆಗೆ ಚೂರು ಕಲ್ಲು ಕಟ್ಟುತ್ತಾರಲ್ಲ, ಅದೇ ಕೆಲಸ. ‘ಸಮತೋಲನ’ದಲ್ಲೂ ತಕ್ಕಡಿಯೇ ಇದೆ, ನಿಜ. ಆದರೆ ಅದು ಆಗಲೇ ಸಮ ನಿಂತಿರುವ ತಕ್ಕಡಿ. ‘ಸರಿದೂಗಿಸು’ ಅಂದಾಗ ಎಲ್ಲೋ ಕೊರತೆ ಇದೆ, ಅದನ್ನು ತುಂಬಬೇಕು ಅಂತ ತಾನಾಗೇ ಹೊಳೆಯುತ್ತದೆ. ಇನ್ನು ‘ಪರಿಹಾರ’ ಬೇಡವೇ ಬೇಡ. ನಮ್ಮ ಕಡೆ ಪರಿಹಾರ ಅಂದರೆ ಜಮೀನು ಹೋದವರಿಗೆ ಬರುವ ದುಡ್ಡು.

ಪದ ಒಪ್ಪಿದರೆ ಸಾಲದು, ಗುಂಡಿ ನಿಜಕ್ಕೂ ಏನು ಮಾಡುತ್ತದೆ ಅನ್ನುವುದಕ್ಕೂ ಹೊಂದಬೇಕು. ಸಾಮಾನ್ಯವಾಗಿ ಬ್ಯಾಲೆನ್ಸನ್ನು ಎಡಕ್ಕೆ ತಿರುಗಿಸಿದರೆ ಎಡದ ಸದ್ದು ಏರುವುದಿಲ್ಲ, ಬಲದ ಸದ್ದು ಇಳಿಯುತ್ತದೆ ಅಷ್ಟೆ. ಹಗುರ ತಟ್ಟೆಗೆ ಹಾಕುವ ಬದಲು ಭಾರದ ತಟ್ಟೆಯಿಂದ ತೆಗೆದ ಹಾಗೆ. ಹಾಗಾಗಿ ಹಾಳೆಯಲ್ಲಿ ಎರಡು ಹೆಜ್ಜೆ ಬರೆಯಬೇಕು: ಮೊದಲು ಎಡಕ್ಕೆ ವಾಲಿಸಿ, ಆಮೇಲೆ ವಾಲ್ಯೂಮ್ ಜಾಸ್ತಿ ಮಾಡಿ. ತಿರುಗಿಸುವುದಕ್ಕೆ ‘ವಾಲಿಸು’ ಅಂದಾಗ ದೊಡ್ಡಪ್ಪನಿಗೆ ಥಟ್ಟನೆ ತಿಳಿಯಿತು.

ಎಷ್ಟು ವಾಲಿಸಬೇಕು? ಅವರ ಕಿವಿ ಪರೀಕ್ಷೆಯ ಚೀಟಿ ನನ್ನ ಮುಂದಿದೆ. ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಕತ್ತರಿ ಗುರುತುಗಳು. ನೀಲಿ ಸಾಲು ಕೆಂಪಿಗಿಂತ ಸುಮಾರು 30 ಡೆಸಿಬೆಲ್ ಕೆಳಗಿದೆ. 10 ಡೆಸಿಬೆಲ್ ಏರಿಸಲು 10 ಪಟ್ಟು ಶಕ್ತಿ ಬೇಕು, 20ಕ್ಕೆ 100 ಪಟ್ಟು, 30ಕ್ಕೆ 1000 ಪಟ್ಟು. ಪೂರ್ತಿ ಕೊರತೆಯನ್ನು ಒಂದು ಗುಂಡಿಯಿಂದ ತುಂಬಲು ಆಗುವುದಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. ತುಂಬಲೂಬಾರದು. ನರದ ದೋಷದಿಂದ ಕಿವಿ ಮಂದ ಆದವರಿಗೆ ಸಣ್ಣ ಸದ್ದು ಕೇಳಿಸುವುದೇ ಇಲ್ಲ, ಸ್ವಲ್ಪ ಜೋರಾದರೆ ಒಮ್ಮೆಲೇ ಬಡಿದ ಹಾಗಾಗುತ್ತದೆ. ಶ್ರವಣ ಸಾಧನಗಳ ವಿಷಯದಲ್ಲಿ ಸ್ಯಾಮ್ಯುಯಲ್ ಲೈಬಾರ್ಗರ್ 1944ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ದರು: ಕೊರತೆ ಎಷ್ಟಿದೆಯೋ ಅದರ ಸುಮಾರು ಅರ್ಧದಷ್ಟು ಏರಿಸಿ. ದೊಡ್ಡಪ್ಪನದು ತಮಟೆಯ ತೊಂದರೆ, ನರದ್ದಲ್ಲ. ಜೋರು ಸದ್ದನ್ನು ಅವರ ಎಡಗಿವಿ ತಡೆದುಕೊಳ್ಳುತ್ತದೆ. ಆದರೂ ಅರ್ಧದಿಂದಲೇ ಶುರು ಮಾಡಿ ಅಂತ ಬರೆದಿದ್ದೇನೆ. ಗಾಯಕರ ದನಿ ತಲೆಯ ನಡುವಿಗೆ ಬಂದು ನಿಂತರೆ ಸಾಕು.

ಇದೆಲ್ಲ ಹೆಡ್‌ಫೋನಿನ ಮಾತು. ಅಲ್ಲಿ ಎಡದ ಸದ್ದು ಎಡಗಿವಿಗೆ ಮಾತ್ರ. ಸ್ಪೀಕರ್‌ಗಳಲ್ಲಿ ಹಾಗಲ್ಲ, ಎರಡೂ ಸ್ಪೀಕರ್ ಎರಡೂ ಕಿವಿಗೆ ಕೇಳಿಸುತ್ತವೆ. ಎಡಕ್ಕೆ ವಾಲಿಸಿ ಜೋರು ಮಾಡಿದರೆ ಅದು ಬಲಗಿವಿಗೂ ಬರುತ್ತದೆ. ನಡುಮನೆಯಲ್ಲಿ ಕೂತು ಕೇಳುವಾಗ ಕುರ್ಚಿಯನ್ನು ಎಡ ಸ್ಪೀಕರ್ ಕಡೆಗೆ ಎಳೆದುಕೊಳ್ಳುವುದು ಸುಲಭ. ಬಯಲಲ್ಲಾದರೆ ದೂರ ಅರ್ಧ ಆದಾಗ 6 ಡೆಸಿಬೆಲ್ ಸಿಗುತ್ತದೆ. ಮನೆಯೊಳಗೆ ಗೋಡೆಗಳಿಂದಲೂ ಸದ್ದು ಬರುವುದರಿಂದ ಅಷ್ಟು ಸಿಗಲಿಕ್ಕಿಲ್ಲ.

ಇಲ್ಲಿಂದ ಎರಡನೇ ಪ್ರಶ್ನೆ. ‘ಕಿವಿ ಮಂದ’ ಮತ್ತು ‘ಕಿವುಡು’ ಇವುಗಳ ನಡುವಿನ ಗೆರೆ ನಿಮ್ಮ ಊರಲ್ಲಿ ಎಲ್ಲಿದೆ? ನಮ್ಮಲ್ಲಿ ಮಂದ ಅಂದರೆ ಜೋರಾಗಿ ಹೇಳಿದರೆ ಕೇಳಿಸುತ್ತದೆ ಅಂತ. ಕಿವುಡು ಅಂದರೆ ಪೂರ್ತಿ ಇಲ್ಲ. ಸ್ಟೀರಿಯೊ ವಿಷಯದಲ್ಲಿ ಈ ಭೇದ ತುಂಬ ಮುಖ್ಯ. ಎದುರುಮನೆಯ ಅಕ್ಕನಿಗೆ ಚಿಕ್ಕವರಿದ್ದಾಗ ಕೆಪ್ಪಟರಾಯ (ಮಂಗನಬಾವು) ಬಂದು ಬಲಗಿವಿ ಪೂರ್ತಿ ಹೋಗಿದೆ. ಆ ಕಾಯಿಲೆಯಿಂದ ಒಂದೇ ಕಿವಿ ಹೋಗುವುದು ಉಂಟು. ಅವರಿಗೆ ಎಷ್ಟು ವಾಲಿಸಿದರೂ ಬಲಗಡೆಯದು ಕೇಳಿಸುವುದಿಲ್ಲ. ಅವರಿಗೆ ಬೇಕಾದದ್ದು ‘ಮೊನೊ’. ಎಡ–ಬಲ ಎರಡನ್ನೂ ಕಲಸಿ ಒಂದೇ ಮಾಡಿ ಎರಡೂ ಕಡೆಗೆ ಕಳಿಸುವುದು. ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಅದಕ್ಕೆ ಬೇರೆ ಸ್ವಿಚ್ಚೇ ಇರುತ್ತಿತ್ತು. ಈಗ ಆಂಡ್ರಾಯ್ಡ್, ಐಫೋನ್ ಎರಡರ ಸೆಟ್ಟಿಂಗ್ಸ್‌ನಲ್ಲೂ ಇದೆ. ಇದನ್ನು ‘ಏಕಧ್ವನಿ’ ಅಂತ ಕರೆದರೆ ಒಬ್ಬರೇ ಹಾಡಿದ ಹಾಗೆ ಕೇಳುತ್ತದೆ. ‘ಎರಡೂ ಸೇರಿಸು’ ಅಂತ ಬರೆದರೆ ಸಾಕಲ್ವಾ?

‘ಕೆಪ್ಪಟರಾಯ’ ಬಂತು ನೋಡಿ. ಕಿವುಡನಿಗೆ ‘ಕೆಪ್ಪ’ ಅನ್ನುವ ಮಾತಿದೆ. ಇವೆರಡಕ್ಕೂ ನಂಟು ಇದೆಯೇ, ಇಲ್ಲಾ ಸುಮ್ನೆ ದನಿ ಕೂಡಿಬಂದಿದೆಯೇ? ಬಲ್ಲವರು ಹೇಳಬೇಕು. ‘ಕಿವುಡು’ ಮಾತ್ರ ನಮ್ಮ ಜಿಲ್ಲೆಯವರಿಗೆ ಗೊಂದಲವಿಲ್ಲದ ಪದ. ಮನೆಯಲ್ಲಿ ತೆಲುಗು ಆಡುವವರು ‘ಚೆವುಡು’ ಅಂತಾರೆ. ನಮ್ಮ ಕಿವಿ ಅವರ ಚೆವಿ, ನಮ್ಮ ಕೆರೆ ಅವರ ಚೆರುವು, ನಮ್ಮ ಕೈ ಅವರ ಚೇಯಿ. ಒಂದೇ ಬೀದಿಯಲ್ಲಿ ಕ–ಚ ಎರಡೂ ಕೇಳಿ ಬೆಳೆದವರು ನಾವು.

ಒಂದೇ ಕಿವಿ ಕೇಳಿಸುವವರಿಗೆ ಬಿಡಿಪದ ಇದೆಯೇ? ಕಣ್ಣಿಗೆ ‘ಒಕ್ಕಣ್ಣ’ ಇದೆ. ಅದೇ ಹಾದಿಯಲ್ಲಿ ‘ಒಕ್ಕಿವಿ’ ಅಂತ ಕಟ್ಟಬಹುದು. ಆದರೆ ಅಂಥದ್ದು ಮನುಷ್ಯನಿಗೆ ಅಂಟಿಕೊಳ್ಳುವ ಹೆಸರಾಗಿಬಿಡುತ್ತದೆ. ನನಗೆ ಅದು ಬೇಡ ಅನಿಸುತ್ತದೆ. ‘ಎಡಗಿವಿ ಮಂದ’ ಅಂದರೆ ಕಿವಿಯ ವಿಷಯ ಕಿವಿಯಲ್ಲೇ ಉಳಿಯುತ್ತದೆ. ಪುಸ್ತಕದ ‘ಶ್ರವಣದೋಷ’ ಅರ್ಜಿ, ಪ್ರಮಾಣಪತ್ರಗಳಿಗೆ ಸರಿ. ಮನೆಮಾತಿಗೆ ದೂರ.

ಹಾಳೆಯ ಕೊನೆಗೆ ಪದಕ್ಕೆ ಸಂಬಂಧ ಇಲ್ಲದ ಒಂದು ಸಾಲು ದಪ್ಪಕ್ಷರದಲ್ಲಿ ಸೇರಿಸಿದ್ದೇನೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಗುಂಡಿ ತಿರುಗಿಸುತ್ತಾ ಕೂರಬೇಡಿ, ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ. ಅಂಥದ್ದಕ್ಕೆ ಬೇಗ ಔಷಧಿ ಸಿಕ್ಕಷ್ಟೂ ಕಿವಿ ಉಳಿಯುವ ಸಾಧ್ಯತೆ ಜಾಸ್ತಿ.

ಸದ್ಯಕ್ಕೆ ಗುಂಡಿಗೆ ‘ಎಡ–ಬಲ ಸರಿದೂಗಿಸು’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಿಕ್ಕ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ. ರೇಡಿಯೊ ರಿಪೇರಿ ಮಾಡುವವರು, ಮೈಕ್ ಸೆಟ್‌ನವರು ಏನಂತಾರೆ ಅಂತ ಕೇಳಿ ಹೇಳಿದರೆ ಇನ್ನೂ ಒಳ್ಳೆಯದು. ಊರಿನ ಹೆಸರೂ ಜೊತೆಗೆ ಬರೆಯಿರಿ.