7ನೇ ಲೆವೆಲ್ ಟೀಮ್ ಮೇಲೆ ರಾಕ್ ಹಕ್ಕಿ ಇಳಿಸಲಾ, ಬೇಡ್ವಾ? ಅನುಭವ ಇದ್ದವರು ಹೇಳಿ

ಕಣಿವೆದಾರಿ:
ಡಂಜನ್ಸ್ ಅಂಡ್ ಡ್ರಾಗನ್ಸ್, ಡೈಸ್ ಹಾಕಿ ಪಾತ್ರ ಆಡೋ ಕಥೆಯಾಟ, 2014ರ ನಿಯಮ. ಆಡುವವರು ನಾಲ್ಕು ಜನ, ಎಲ್ಲರೂ 7ನೇ ಲೆವೆಲ್. ಅದರಲ್ಲಿ ಇಬ್ಬರು ಹೊಸಬರು. ಮುಂದಿನ ಸೆಷನ್‌ನಲ್ಲಿ ಕಣಿವೆ ದಾಟುವಾಗ ರಾಕ್ ಇಳಿಸಬೇಕು ಅಂತ ಆಸೆ. ಹಕ್ಕಿ ಯಾರನ್ನಾದರೂ ಎತ್ತಿಕೊಂಡು ಹೋದರೆ ಹೊಸಬರು ಬೇಜಾರಾಗಿ ಆಟವನ್ನೇ ಬಿಡುತ್ತಾರಾ ಅನ್ನೋ ಭಯ. ನೀವು ಏನು ಮಾಡಿದಿರಿ?

ಹಳೇಡೈಸ್:
ಇಳಿಸಿ. ಆದರೆ ಮಿನಿ, ಅಂದರೆ ಮ್ಯಾಪ್ ಮೇಲಿಡೋ ಗೊಂಬೆ, ಮಾಡೋಕೆ ಮಾತ್ರ ಹೋಗಬೇಡಿ. ರಾಕ್‌ಗೆ ಮ್ಯಾಪ್ ಮೇಲೆ ನಾಲ್ಕಕ್ಕೆ ನಾಲ್ಕು ಚೌಕ ಬೇಕು. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಹೊಡೆತ ಅಂತ ನಾನೇ 3ಡಿ ಪ್ರಿಂಟ್ ಮಾಡಿದೆ. ಎಡ ರೆಕ್ಕೆ 14 ಗಂಟೆ ಓಡಿತು. ಇನ್ನೇನು ತುದಿ ಮುಗಿಯಬೇಕು, ಕರೆಂಟ್ ಹೋಯಿತು. ಎರಡನೇ ಸಲ ಸಪೋರ್ಟ್ ಕಿತ್ತು ಬಂದು ಶಾವಿಗೆ ಆಯಿತು. ಮೂರನೇ ಸಲ ಚೆನ್ನಾಗಿ ಬಂತು, ಆದರೆ ಬಲ ರೆಕ್ಕೆಗಿಂತ ಅರ್ಧ ಇಂಚು ಚಿಕ್ಕದು. ಸ್ಕೇಲ್ ಬದಲಾಯಿಸಿದ್ದು ಮರೆತಿದ್ದೆ. ಫಿಲಮೆಂಟ್ 1,150, ಪ್ರೈಮರ್ 480, ಬಣ್ಣ 900. ಒಟ್ಟು 2,530 ರೂಪಾಯಿ. ಆ ಹಕ್ಕಿ ಮೂರು ರೌಂಡಿಗೆ ಸತ್ತಿತು! ಜೀವಾಂಕ 248 ಎಚ್‌ಪಿ ಇದ್ದರೇನು, ಎಸಿ, ಅಂದರೆ ಹೊಡೆತ ತಾಗೋಕೆ ಬೇಕಾದ ಅಂಕಿ, ಬರೀ 15. ಎದುರಿಗೆ 9ನೇ ಲೆವೆಲ್‌ನ ಆರು ಜನ. ಮಿನಿ ಎಲ್ಲರಿಗೂ ಕಾಣಲಿ ಅಂತ ನಾನೇ ಅದನ್ನು ನೆಲಕ್ಕೆ ಇಳಿಸಿದ್ದೆ. ನೆಲದ ಮೇಲೆ ಅದರ ವೇಗ 20 ಅಡಿ. ಆದರೂ ಆ ಫೋಟೋ ಇವತ್ತಿಗೂ ನನ್ನ ವಾಲ್‌ಪೇಪರ್.

ಬಿದ್ದವಿಝರ್ಡ್:
ನೆಲದ ಮೇಲೆ ಕೂತ ರಾಕ್ ಕೋಳಿ ಸ್ವಾಮಿ. ಮೇಲಕ್ಕೆ ಹಾರಿದಾಗ ಗೊತ್ತಾಗುತ್ತೆ ಅದರ ಕಥೆ.

ನನ್ನದು 7ನೇ ಲೆವೆಲ್ ವಿಝರ್ಡ್, 44 ಎಚ್‌ಪಿ. ಹದಿನಾಲ್ಕು ತಿಂಗಳು ಆಡಿದ ಪಾತ್ರ. ರಾಕ್‌ಗೆ ಹೊಡೆತದ ಡೈಸ್ ಮೇಲೆ +13, ತಪ್ಪೋದೇ ಅಪರೂಪ. ಉಗುರಿನಿಂದ 21, ಕೊಕ್ಕಿನಿಂದ 19. ಉಳಿದಿದ್ದು 4. ಹಿಡಿದುಕೊಂಡು 120 ಅಡಿ ಮೇಲೆ ಹೋಯಿತು. ಬಿಡಿಸಿಕೊಳ್ಳೋಕೆ 19 ಬೇಕು, ನನಗೆ +2. ಡೈಸ್‌ನಲ್ಲಿ 16 ಬಿತ್ತು. ಹದಿನಾರು! ಇನ್ನೊಂದು ಬಿದ್ದಿದ್ದರೆ ಸಾಕಿತ್ತು. ಮುಂದಿನ ರೌಂಡಿಗೆ ಕೊಕ್ಕು, ಸೊನ್ನೆ. ಇನ್ನೊಂದು 120 ಅಡಿ ಮೇಲೆ, ಅಲ್ಲಿಂದ ಕೆಳಗೆ ಬಿಟ್ಟರು. 20ಡಿ6, ಅಂದರೆ ಆರು ಮುಖದ ಇಪ್ಪತ್ತು ಡೈಸ್, ಬಂದಿದ್ದು 74. ಬೀಳೋದನ್ನು ನಿಧಾನ ಮಾಡೋ ಮಂತ್ರ ಫೆದರ್ ಫಾಲ್ ಇತ್ತು, ಆದರೆ ಪ್ರಜ್ಞೆ ಇಲ್ಲದವನು ಹೇಗೆ ಹಾಕುತ್ತಾನೆ? ನಾನು ಆ ಟೇಬಲ್ ಬಿಟ್ಟೆ. ಡೈಸ್ ಚೀಲ ಈಗಲೂ ಬೀರುವಿನಲ್ಲಿದೆ, ತೆಗೆದಿಲ್ಲ.

ನಿಯಮರಾಯ:
ಹಿಡಿದುಕೊಂಡು ಹಾರಿದರೆ ವೇಗ ಅರ್ಧ ಆಗುತ್ತದೆ. 60 ಅಡಿ ಮಾತ್ರ. ನಿಮ್ಮ ಡಿಎಂ, ಅಂದರೆ ಆಟ ನಡೆಸಿದವರು, ಮೋಸ ಮಾಡಿದ್ದಾರೆ.

ತೆರೆಹಿಂದೆ:
ಮೋಸ ಮಾಡಿದ ಆ ಡಿಎಂ ನಾನೇ. ಎರಡು ಸೈಜ್ ಚಿಕ್ಕವರನ್ನು ಹಿಡಿದರೆ ವೇಗ ಅರ್ಧ ಆಗಲ್ಲ. ಮನುಷ್ಯ ಮೀಡಿಯಂ, ರಾಕ್ ಗಾರ್ಗಾಂಚುವನ್, ಮೂರು ಸೈಜ್ ವ್ಯತ್ಯಾಸ. ಮೊದಲು ಪುಸ್ತಕ ಓದಿ, ಆಮೇಲೆ ರಾಯರಾಗಿ.

ಬಿದ್ದವರು ಒಂದು ವಿಷಯ ಹೇಳಲಿಲ್ಲ ನೋಡಿ. ಮೂರು ಸೆಷನ್ ಮುಂಚಿನಿಂದ ನೆರಳು ತೋರಿಸಿದ್ದೆ. ಎತ್ತಿನಗಾಡಿ ಸಮೇತ ಮಾಯವಾದ ವ್ಯಾಪಾರಿ, ಬಂಡೆ ಮೇಲೆ ಹಸುವಿನ ಬೆನ್ನುಮೂಳೆ, ಎಲ್ಲಾ ಇತ್ತು. ಇವರು ಸೇತುವೆ ಮೇಲೆ ನಿಂತು ನಕ್ಷೆ ಬಿಡಿಸುತ್ತಿದ್ದರು. ಇವರ ಹತ್ತಿರ 30 ಅಡಿ ದೂರಕ್ಕೆ ಮಾಯವಾಗಿ ಜಿಗಿಯೋ ಮಂತ್ರ ಮಿಸ್ಟಿ ಸ್ಟೆಪ್ ಕೂಡ ಇತ್ತು. ಹಾಕಬಹುದಿತ್ತಲ್ವಾ?

ಬಿದ್ದವಿಝರ್ಡ್:
ಮಿಸ್ಟಿ ಸ್ಟೆಪ್ ಬೋನಸ್ ಆಕ್ಷನ್ (ಟರ್ನ್‌ನ ಹೆಚ್ಚುವರಿ ಚಿಕ್ಕ ಕೆಲಸ) ಮಂತ್ರ. ಅದನ್ನು ಹಾಕಿದ ಟರ್ನ್‌ನಲ್ಲಿ ಬೇರೆ ಮಂತ್ರ ಅಂದರೆ ಒಂದು ಆಕ್ಷನ್‌ನ ಕ್ಯಾಂಟ್ರಿಪ್ (ಚಿಲ್ಲರೆ ಮಂತ್ರ) ಮಾತ್ರ. ಬೀಳೋದೂ ಅದೇ ಟರ್ನ್‌ನಲ್ಲಿ. ಅಂದರೆ ಫೆದರ್ ಫಾಲ್ ಇಲ್ಲ. ಇದನ್ನು ನನಗೆ ಕಲಿಸಿದ್ದೇ ನೀವು.

ತೆರೆಹಿಂದೆ:
ಫೆದರ್ ಫಾಲ್ ಬೇಡವೇ ಬೇಡ. ಲೆಕ್ಕ ಹಾಕಿ. 30 ಅಡಿ ಕೆಳಗೆ ಜಿಗಿದರೆ ಮಿಕ್ಕಿದ್ದು 90 ಅಡಿ. 9ಡಿ6, ಸರಾಸರಿ 31. ನಿಮ್ಮ 4 ಕಳೆದು ಉಳಿದದ್ದು 27. ಮಿಕ್ಕ ಹೊಡೆತ 44 ಮುಟ್ಟಿದರೆ ತಾನೇ ಸ್ಥಳದಲ್ಲೇ ಸಾವು? ಪ್ರಜ್ಞೆ ತಪ್ಪುತ್ತಿತ್ತು ಅಷ್ಟೇ. ಗಾಯ ವಾಸಿ ಮಾಡೋ ಕ್ಲೆರಿಕ್ ಕೆಳಗೇ ನಿಂತಿದ್ದ.

ಕೆಳದಿಕಡೆಯವಳು:
ನಿಮ್ಮ ಜಗಳ ಮುಗಿಯೋವರೆಗೆ ನನ್ನ ಕಥೆ ಕೇಳಿ. ರಾಕ್ ಅರಬ್ಬರ ಕಥೆಯ ರುಖ್. ನಮ್ಮ ಮನೆಯಲ್ಲೇ ದೊಡ್ಡ ಹಕ್ಕಿ ಇರುವಾಗ ಅದು ಯಾಕೆ? ನಾನು ಗಂಡಭೇರುಂಡ ಮಾಡಿದೆ. ಬೇಲೂರಿನ ಗೋಡೆಯಲ್ಲಿ ಒಂದು ಸರಣಿ ಇದೆಯಲ್ಲ, ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಇಡೀ ಕ್ಯಾಂಪೇನ್ (ತಿಂಗಳುಗಟ್ಟಲೆ ನಡೆಯೋ ಕಥೆ) ಹಾಗೇ ಕಟ್ಟಿದೆ. ಮೊದಲ ಸೆಷನ್ ಹೆಬ್ಬಾವು, ಕೊನೆಗೆ ಹಕ್ಕಿ.

ತಪ್ಪು ಮಾಡಿದ್ದು ಎಲ್ಲಿ ಅಂದರೆ, ರಾಕ್ ಸ್ಟ್ಯಾಟ್ (ಅಂಕಿಪಟ್ಟಿ) ತಗೊಂಡು ಸುಮ್ನೆ ಇನ್ನೊಂದು ಕೊಕ್ಕು, ಇನ್ನೊಂದು ಉಗುರು ಸೇರಿಸಿದೆ. ಎರಡು ಕಾಲಿಗೂ ಒಬ್ಬೊಬ್ಬರು. ರೌಂಡಿಗೆ ಹೊಡೆತ ಸರಾಸರಿ 50 ಇದ್ದದ್ದು 100 ಆಯಿತು. ಸಿಆರ್ (ಎದುರಾಳಿ ಎಷ್ಟು ಕಷ್ಟ ಅನ್ನೋ ಅಂಕಿ) ರಾಕ್‌ನ 11 ಅಂತಲೇ ಬರೆದಿಟ್ಟಿದ್ದೆ, ಅದೇ ಪೆದ್ದತನ. ಎರಡನೇ ರೌಂಡಿಗೆ ಮೂವರು ಆಕಾಶದಲ್ಲಿ ಇಲ್ಲವೇ ಪಾತಾಳದಲ್ಲಿ. ನಾಲ್ಕನೆಯವಳು ಡೈಸ್ ಕೆಳಗಿಟ್ಟು, "ರಾಜ್ಯದ ಲಾಂಛನಕ್ಕೆ ನಾನು ಬಾಣ ಬಿಡಲ್ಲ" ಅಂದಳು. ಆರು ತಿಂಗಳ ಕ್ಯಾಂಪೇನ್ ಮುಗಿದದ್ದು ಹೀಗೆ. ನನಗಂತೂ ಹೆಮ್ಮೆ.

ನಿಯಮರಾಯ:
ಲಾಂಛನವನ್ನು ರಾಕ್ಷಸ ಮಾಡಿ ಟೀಮ್ ಕೊಲ್ಲಿಸಿದ್ದಕ್ಕೆ ಹೆಮ್ಮೆನಾ? ಅಷ್ಟಕ್ಕೂ ಬಳ್ಳಿಗಾವಿಯ ಕಂಬದ ಮೇಲಿರೋ ಭೇರುಂಡಕ್ಕೆ ಮನುಷ್ಯನ ಮೈ. 1047ರದು. ಅದು ಆಟದ ಲೆಕ್ಕಕ್ಕೆ ಬೀಸ್ಟ್ (ಪ್ರಾಣಿ) ಅಲ್ಲ, ಮಾನ್‌ಸ್ಟ್ರಾಸಿಟಿಯೂ ಅಲ್ಲ, ಸೆಲೆಸ್ಟಿಯಲ್, ದೇವಲೋಕದ್ದು.

ಕೆಳದಿಕಡೆಯವಳು:
ನಮ್ಮ ಕೆಳದಿ ರಾಮೇಶ್ವರ ಗುಡಿಯಲ್ಲಿ ಹಕ್ಕಿಯೇ ಇದೆ, ಆನೆ ಹಿಡಿದಿದೆ. ಗ್ರ್ಯಾಪಲ್ (ಹಿಡಿಯೋ) ನಿಯಮವೇ ಗೊತ್ತಿಲ್ಲದವರು ನನಗೆ ಶಿಲ್ಪಶಾಸ್ತ್ರ ಹೇಳಬೇಡಿ.

ಓಡುಹಕ್ಕಿ:
ಎಲ್ಲರೂ ಹಾರೋ ಹಕ್ಕಿ ಹಿಂದೆನೇ ಬಿದ್ದಿದ್ದೀರಿ. ಆಕ್ಸ್ ಬೀಕ್ ಯಾಕೆ ಬೇಡ? ದಕ್ಷಿಣ ಅಮೆರಿಕದಲ್ಲಿ ನಿಜವಾಗಿ ಇದ್ದ ಹಾರದ ಬೇಟೆ ಹಕ್ಕಿಗಳ ತಮ್ಮ ಇದ್ದ ಹಾಗೆ. ಕೆಲೆಂಕೆನ್ ಅನ್ನೋದರ ತಲೆಬುರುಡೆಯೇ ಸುಮಾರು 71 ಸೆಂಟಿಮೀಟರ್. ಆಕ್ಸ್ ಬೀಕ್ ಸಿಆರ್ ಬರೀ 1/4, ವೇಗ 50 ಅಡಿ. ನಾನು ಆರು ಬಿಟ್ಟೆ, ಹುಲ್ಲುಗಾವಲಲ್ಲಿ, ಕತ್ತಲಲ್ಲಿ. ಓಡಿದರೂ ತಪ್ಪಿಸಿಕೊಳ್ಳೋಕೆ ಆಗಲಿಲ್ಲ. ಒಂದನ್ನು ಪಳಗಿಸಿದರು, ಹೆಸರಿಟ್ಟರು. ಎರಡು ಸೆಷನ್ ಆದಮೇಲೆ ಅದು ಸತ್ತಿತು. ಪಾತ್ರ ಸತ್ತಾಗ ಅಳದವರು ಅವತ್ತು ಅತ್ತರು.

ಹಳೇಡೈಸ್:
ಆಕ್ಸ್ ಬೀಕ್‌ಗೆ 19 ಎಚ್‌ಪಿ. 7ನೇ ಲೆವೆಲ್‌ಗೆ ಒಂದು ಫೈರ್‌ಬಾಲ್, ಆರೂ ತಂದೂರಿ.

ಓಡುಹಕ್ಕಿ:
ನಮ್ಮದು 2ನೇ ಲೆವೆಲ್. ಓದಿ ಉತ್ತರ ಕೊಡಿ.

ಹಳೇಡೈಸ್:
ಎಲ್ಲಿ ಬರೆದಿದ್ದೀರಿ 2ನೇ ಲೆವೆಲ್ ಅಂತ?

ಕಣಿವೆದಾರಿ:
ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಹೊಸಬರ ಬಗ್ಗೆ. ಮತ್ತೆ ಲೆಕ್ಕ ಹಾಕಿದೆ. ನಾಲ್ಕು ಜನ 7ನೇ ಲೆವೆಲ್‌ಗೆ ಡೆಡ್ಲಿ, ಅಂದರೆ ಸಾಯೋ ಅಪಾಯದ ಕಾಳಗ, ಶುರುವಾಗೋದೇ 6,800 ಅನುಭವ ಅಂಕಕ್ಕೆ, ರಾಕ್ ಒಂದೇ 7,200. ಅದು ಹೊಡೆಯದೆ ಬರೀ ಕುದುರೆ ಎತ್ತಿಕೊಂಡು ಹೋದರೆ ನಡೆಯುತ್ತಾ?

ತೆರೆಹಿಂದೆ:
ಕುದುರೆ ಸಾಕು. ನಾನೂ ಹಾಗೇ ಮಾಡಬೇಕಿತ್ತೇನೋ. ಆದರೆ ನಕ್ಷೆ ಬಿಡಿಸುತ್ತಾ ನಿಂತವನನ್ನು ಬಿಟ್ಟು ಕುದುರೆ ಎತ್ತೋ ಹಕ್ಕಿ ಯಾವುದಿದೆ ಹೇಳಿ.

ಹಳೇಡೈಸ್:
ಮಿನಿ ಬೇಕಿದ್ದರೆ ನನ್ನ ಹತ್ತಿರ ತುದಿ ಇಲ್ಲದ ಎಡ ರೆಕ್ಕೆ ಒಂದು ಇದೆ. ಕೊರಿಯರ್ ಖರ್ಚು ಕೊಟ್ಟರೆ ಸಾಕು.

ಬಿದ್ದವಿಝರ್ಡ್:
ಕ್ಲೆರಿಕ್ ಕೆಳಗೆ ಇರಲಿಲ್ಲ. ಸೇತುವೆಯ ಆಚೆ ತುದಿಯಲ್ಲಿದ್ದ. ಮ್ಯಾಪ್ ಫೋಟೋ ಹುಡುಕ್ತಾ ಇದ್ದೀನಿ, ಸಿಕ್ಕಿದ ತಕ್ಷಣ ಹಾಕುತ್ತೇನೆ.