ಸಹಾಯ ಬೇಕು: ಅಲ್ಟ್ರಾಸೌಂಡ್ ಕಲಿತವರನ್ನು ಯಾವಾಗ ಒಬ್ಬರೇ ಮಾಡಲು ಬಿಡೋದು?

ಎಮರ್ಜೆನ್ಸಿಯ ಕಿರಿಯ ವೈದ್ಯರಿಗೆ ಹಾಸಿಗೆ ಪಕ್ಕದಲ್ಲೇ ಅಲ್ಟ್ರಾಸೌಂಡ್ ಮಾಡೋದನ್ನು ಕಲಿಸುತ್ತಿದ್ದೇನೆ. ಒಂದೊಂದು ಬಗೆಯ ಸ್ಕ್ಯಾನ್ ಕಲಿಯೋಕೆ 25ರಿಂದ 50 ಸಲ ಮಾಡಿರಬೇಕು ಅನ್ನೋ ರೂಢಿಯ ಲೆಕ್ಕ ಹಿಡಿದಿದ್ದೇನೆ. ಚಿತ್ರಗಳನ್ನೆಲ್ಲ ಜೊತೆಗೆ ಕೂತು ನೋಡಿದ್ದೂ ಆಯ್ತು.

ಆದರೂ ಮೊನ್ನೆ, 40 ಫಾಸ್ಟ್ (FAST, ಪೆಟ್ಟಾದವರ ಹೊಟ್ಟೆಯೊಳಗೆ ರಕ್ತ ಸೋರಿದೆಯಾ ಅಂತ ನೋಡೋ ಅಲ್ಟ್ರಾಸೌಂಡ್) ಸ್ಕ್ಯಾನ್ ದಾಟಿದವರೊಬ್ಬರು ಲಿವರ್ ಮತ್ತು ಕಿಡ್ನಿ ನಡುವೆ ನೋಡಿ "ರಕ್ತ ಇಲ್ಲ" ಅಂದರು. ಪ್ರೋಬನ್ನು ಲಿವರ್‌ನ ಕೆಳತುದಿಯವರೆಗೆ ಸರಿಸಲೇ ಇಲ್ಲ. ನಾನು ಸರಿಸಿದಾಗ ತೆಳ್ಳನೆಯ ಕಪ್ಪು ಗೆರೆ ಕಂಡಿತು. ಸ್ವಲ್ಪವೇ ರಕ್ತ ಇದ್ದರೆ ಅಲ್ಲೇ ಸಿಗೋದು ಜಾಸ್ತಿ, ಅಲ್ವಾ? ಇನ್ನೊಬ್ಬರ ಕೈ 20ಕ್ಕೇ ಚೆನ್ನಾಗಿ ಕೂತಿದೆ.

ಸುಮ್ನೆ ಲೆಕ್ಕ ನೋಡಿ ಸಹಿ ಹಾಕೋಕೆ ಮನಸ್ಸು ಒಪ್ಪುತ್ತಿಲ್ಲ. ರೋಗಿಯ ಜೀವದ ವಿಷಯ. ಚಿತ್ರ ತೆಗೆಯೋದು, ಅದನ್ನು ಓದೋದು, ಅದರ ಮೇಲೆ ಚಿಕಿತ್ಸೆ ನಿರ್ಧರಿಸೋದು, ಇವನ್ನು ನೀವು ಬೇರೆ ಬೇರೆಯಾಗಿ ಪರೀಕ್ಷೆ ಮಾಡುತ್ತೀರಾ? ಏನು ನೋಡಿದ ಮೇಲೆ "ಇನ್ನು ಒಬ್ಬರೇ ಮಾಡಲಿ" ಅನ್ನುತ್ತೀರಿ?